ಅಮೆರಿಕದ ಅಧ್ಯಕ್ಷ ಚುನಾವಣೆಯ ‘ಕಳ್ಳವೋಟು’ ವಾದಗಳು: ಒಂದೊಂದಾಗಿ ಬಿಡಿಸೋಣ, ಬನ್ನಿ

ತುಂಗಾತೀರ:
ಅಮೆರಿಕದ ಚುನಾವಣೆಯ ಮಾತು ಬಂದಾಗಲೆಲ್ಲ ನಮ್ಮ ಗುಂಪುಗಳಲ್ಲಿ ಅವೇ ಹಳೇ ಸ್ಕ್ರೀನ್‌ಶಾಟ್‌ಗಳು ಮತ್ತೆ ಹರಿದಾಡುತ್ತವೆ. 2020ರ ನವೆಂಬರ್ 4ರ ಬೆಳಗಿನ ಜಾವ ವಿಸ್ಕಾನ್ಸಿನ್ ಗ್ರಾಫ್‌ನಲ್ಲಿ ಬೈಡನ್ ಗೆರೆ ವಿದ್ಯುತ್ ಕಂಬದ ಹಾಗೆ ನೆಟ್ಟಗೆ ಎದ್ದು ನಿಂತದ್ದು, ಮಿಷಿಗನ್‌ನಲ್ಲಿ ಒಂದೇ ಏಟಿಗೆ 1,38,339 ಮತ ಬೈಡನ್ ಒಬ್ಬರಿಗೇ ಬಿದ್ದದ್ದು, ಡೆಟ್ರಾಯಿಟ್‌ನಲ್ಲಿ 139% ಮತದಾನ, ಸತ್ತವರು ಹಾಕಿದ ವೋಟು. 2024ರಲ್ಲಿ ಟ್ರಂಪ್ ಗೆದ್ದ ನಂತರ ಡೆಮಾಕ್ರಟರ ಕಡೆಯವರೂ ಶುರು ಮಾಡಿದ್ದಾರೆ: ಎರಡು ಕೋಟಿ ವೋಟು ಕಾಣೆ, ಸ್ಟಾರ್‌ಲಿಂಕ್ (ಇಲಾನ್ ಮಸ್ಕ್ ಕಂಪನಿಯ ಉಪಗ್ರಹ ಇಂಟರ್ನೆಟ್) ಮೂಲಕ ಎಣಿಕೆ ತಿದ್ದಿದರು, ಇತ್ಯಾದಿ.

ಯಾರ ಪಕ್ಷವನ್ನೂ ವಹಿಸದೆ ಕೇಳುತ್ತಿದ್ದೇನೆ. ಈ ಒಂದೊಂದಕ್ಕೂ ಏನಾಯಿತು? ಲಕೋಟೆ ಬಂದಲ್ಲಿಂದ ಎಣಿಕೆ ಮುಗಿಯುವವರೆಗೆ ಎಲ್ಲೆಲ್ಲಿ ಮೋಸ ಸಾಧ್ಯ, ಎಲ್ಲಿ ಅಸಾಧ್ಯ? ತಿಳಿದವರು ಅಂಕಿಅಂಶದ ಸಮೇತ ಹೇಳಿ. ‘ಎಲ್ಲಾ ಸುಳ್ಳು’, ‘ಎಲ್ಲಾ ನಿಜ’ ಅನ್ನುವ ಒಂದು ಸಾಲಿನ ತೀರ್ಪು ಬೇಡ.

ಎಣಿಕೆಮನೆ:
ಮೊದಲು ವಿಸ್ಕಾನ್ಸಿನ್ ಕಂಬ. ಆ ರಾಜ್ಯದ ಕಾನೂನಿನಲ್ಲಿ ಅಂಚೆ ಮತದ ಲಕೋಟೆಯನ್ನು ಮತದಾನದ ದಿನಕ್ಕೆ ಮುಂಚೆ ಒಡೆಯುವ ಹಾಗೇ ಇಲ್ಲ. ಮಿಲ್ವಾಕಿ ನಗರದವರು ಅಂಚೆ ಮತಗಳನ್ನು ಆಯಾ ಮತಗಟ್ಟೆಗೆ ಕಳಿಸದೆ, ಇಡೀ ನಗರದ್ದನ್ನು ಒಂದೇ ಸಭಾಂಗಣದಲ್ಲಿ ಎಣಿಸುತ್ತಾರೆ. ಸುಮಾರು 1,70,000 ಮತಪತ್ರ.

ಒಂದೊಂದಕ್ಕೂ ಇಷ್ಟು ಕೆಲಸ: ಲಕೋಟೆಯ ಮೇಲೆ ಮತದಾರರ ಸಹಿ ಇದೆಯೇ, ಸಾಕ್ಷಿಯ ಸಹಿ ಮತ್ತು ವಿಳಾಸ ಇದೆಯೇ (ವಿಸ್ಕಾನ್ಸಿನ್‌ನಲ್ಲಿ ಸಾಕ್ಷಿ ಕಡ್ಡಾಯ) ನೋಡಬೇಕು. ಪಟ್ಟಿಯಲ್ಲಿ ಹೆಸರು ಹುಡುಕಿ ಕ್ರಮಸಂಖ್ಯೆ ಬರೆಯಬೇಕು. ಲಕೋಟೆ ಒಡೆದು, ಮಡಿಕೆ ಬಿದ್ದ ಕಾಗದವನ್ನು ಹಿಂದಕ್ಕೆ ಮಡಿಚಿ ಚಪ್ಪಟೆ ಮಾಡಬೇಕು. ಇಲ್ಲದಿದ್ದರೆ ಸ್ಕ್ಯಾನರ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಯಂತ್ರಕ್ಕೆ. ಬೆಳಗ್ಗೆ 7ಕ್ಕೆ ಶುರುವಾದದ್ದು ಮುಗಿಯುವ ಹೊತ್ತಿಗೆ ನಡುರಾತ್ರಿ ಕಳೆದು 3 ಗಂಟೆ. ಫಲಿತಾಂಶವನ್ನು ಪೆನ್‌ಡ್ರೈವ್‌ಗಳಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಗೆ ಒಯ್ದು ಒಟ್ಟಿಗೇ ಏರಿಸಿದರು. ಹಾಗಾಗಿ ಗ್ರಾಫ್‌ನಲ್ಲಿ ಕಂಬ. ಆ ರಾತ್ರಿ ಒಂದು ಪೆನ್‌ಡ್ರೈವ್ ಯಂತ್ರದಲ್ಲೇ ಉಳಿದು, ಆಮೇಲೆ ಪೊಲೀಸರ ಜೊತೆ ತರಿಸಬೇಕಾಯಿತು. ಅದು ತಪ್ಪೇ, ಗುಮಾನಿಗೆ ಮೇವು ಆಯಿತು. ಆದರೆ ಕಾಗದ ಅಲ್ಲೇ ಇತ್ತು.

ಟ್ರಂಪ್ ಪ್ರಚಾರ ತಂಡ 30 ಲಕ್ಷ ಡಾಲರ್ ಕಟ್ಟಿ ಮಿಲ್ವಾಕಿ ಮತ್ತು ಡೇನ್ ಕೌಂಟಿಗಳ ಮರುಎಣಿಕೆ ಮಾಡಿಸಿತು. ಬೈಡನ್ ಲೀಡ್ 87 ಮತ ಹೆಚ್ಚಾಯಿತು. ರಾಜ್ಯದ ಒಟ್ಟು ಅಂತರ 20,682.

ಹಳೇಪೇಟೆ:
ಅದೆಲ್ಲ ಸರಿ, ಆದರೆ ಕಂಬ ಬೈಡನ್ ಕಡೆಗೇ ಯಾಕೆ ಏಳಬೇಕು?

ಎಣಿಕೆಮನೆ:
@ಹಳೇಪೇಟೆ ಅಂಚೆ ಮತ ನಂಬಬೇಡಿ ಅಂತ ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರು. ಅವರ ಮತದಾರರು ಮಾತು ಕೇಳಿ ಮತಗಟ್ಟೆಗೆ ಹೋದರು. ಕೊರೊನಾ ಭಯದಲ್ಲಿ ಡೆಮಾಕ್ರಟರು ಅಂಚೆಯಲ್ಲಿ ಹಾಕಿದರು. ಫ್ಲೋರಿಡಾ ನೋಡಿ. ಅಲ್ಲಿ ಅಂಚೆ ಮತಗಳ ಕೆಲಸ ಮೂರು ವಾರ ಮೊದಲೇ ಶುರುವಾಗುತ್ತದೆ. ಅಲ್ಲಿ ಸಂಜೆ ಬೈಡನ್ ಮುಂದಿದ್ದರು, ರಾತ್ರಿ ಟ್ರಂಪ್ ಹಿಂದಿಕ್ಕಿ ಗೆದ್ದರು. ಅದೇ ಮತದಾರರು, ಎಣಿಸುವ ಸರದಿ ಮಾತ್ರ ಉಲ್ಟಾ. ಫ್ಲೋರಿಡಾದ ಗ್ರಾಫ್ ಹಿಡಿದು ಯಾರೂ ಕೋರ್ಟಿಗೆ ಹೋಗಲಿಲ್ಲ.

ಕಡಲಕರೆ:
ಆ 1,38,339 ಎಲ್ಲಿಂದ ಬಂತು ಅಂತ ಒಂದು ಲೆಕ್ಕ ಮಾಡಿ ನೋಡಿ ಮಾರಾಯ್ರೆ. ಮಿಷಿಗನ್‌ನ ಶೈಯವಾಸಿ ಕೌಂಟಿಯಲ್ಲಿ ಬೈಡನ್‌ಗೆ ಬಿದ್ದದ್ದು 15,371. ಫಲಿತಾಂಶ ಏರಿಸುವಾಗ ಕೊನೆಗೆ ಒಂದು ಸೊನ್ನೆ ಹೆಚ್ಚು ಬಿತ್ತು, 1,53,710 ಆಯಿತು. ಕಳೆಯಿರಿ. ಬರೋಬ್ಬರಿ 1,38,339. ಅಷ್ಟು ಮತದಾರರೇ ಆ ಕೌಂಟಿಯಲ್ಲಿ ಇಲ್ಲ. ಸ್ವಲ್ಪ ಹೊತ್ತಿಗೇ ಸರಿ ಮಾಡಿದರು. ಆದರೆ ಎರಡು ನಕ್ಷೆಗಳ ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಊರೆಲ್ಲ ತಿರುಗಿತ್ತು, ಟ್ರಂಪ್ ಕೂಡ ಹಂಚಿಕೊಂಡರು.

ರಾತ್ರಿ ಟಿವಿಯಲ್ಲಿ ಬರುವುದು ಅನಧಿಕೃತ ಲೆಕ್ಕ ಉಂಟಲ್ಲ, ಅದು ಫಲಿತಾಂಶ ಅಲ್ಲವೇ ಅಲ್ಲ. ಎರಡೂ ಪಕ್ಷದವರು ಇರುವ ಕ್ಯಾನ್ವಾಸ್ ಮಂಡಳಿ ಮತಗಟ್ಟೆಯ ಚೀಟಿ, ಹಾಜರಿ ಪುಸ್ತಕ ಎಲ್ಲ ತಾಳೆ ನೋಡಿ ಸಹಿ ಹಾಕಿದ ಮೇಲೆಯೇ ಅದು ಫಲಿತಾಂಶ.

ನೇರಮಾತು:
ಎಲ್ಲವನ್ನೂ ‘ಟೈಪಿಂಗ್ ತಪ್ಪು’ ಅಂತ ಮುಗಿಸಿಬಿಟ್ಟರೆ ಹೇಗೆ ಸ್ವಾಮಿ? ಅದೇ ಮಿಷಿಗನ್‌ನ ಆಂಟ್ರಿಮ್ ಕೌಂಟಿ. ಅಪ್ಪಟ ರಿಪಬ್ಲಿಕನ್ ಜಾಗ. ರಾತ್ರಿ ಬೈಡನ್ ಮೂರು ಸಾವಿರ ಮತಗಳಿಂದ ಮುಂದೆ ಅಂತ ಬಂತು. ಡೊಮಿನಿಯನ್ ಕಂಪನಿಯ ಎಣಿಕೆ ಯಂತ್ರ. ಅಲ್ಲಿನ ಜನ ‘ಇದು ಸಾಧ್ಯವೇ ಇಲ್ಲ’ ಅಂತ ಹೇಳದಿದ್ದರೆ ಹಾಗೇ ಉಳಿಯುತ್ತಿತ್ತು. ಬೇರೆ ಕಡೆ ಹೀಗೆ ಆಗಿಲ್ಲ ಅಂತ ಏನು ಖಾತರಿ?

ಗಣಕಪ್ರಿಯ:
@ನೇರಮಾತು ಆಂಟ್ರಿಮ್ ಪ್ರಶ್ನೆ ಒಳ್ಳೆಯದು, ಯಾಕೆಂದರೆ ಇದರಷ್ಟು ಬಿಚ್ಚಿ ನೋಡಿದ ಪ್ರಕರಣ ಇನ್ನೊಂದಿಲ್ಲ. ಆದದ್ದು ಹೀಗೆ.

ಚುನಾವಣೆಗೆ ಕೆಲವೇ ವಾರ ಇರುವಾಗ ಕೆಲವು ಟೌನ್‌ಶಿಪ್‌ಗಳ ಮತಪತ್ರದಲ್ಲಿ ಸ್ಥಳೀಯ ಸ್ಪರ್ಧೆಯ ವಿವರ ತಿದ್ದಬೇಕಾಯಿತು. ಮತಪತ್ರ ತಿದ್ದಿದರೆ, ಯಾವ ಅಂಡಾಕಾರದ ಗುರುತು ಯಾವ ಅಭ್ಯರ್ಥಿಯದು ಅಂತ ಹೇಳುವ ಫೈಲ್ ಕೂಡ ಹೊಸದಾಗುತ್ತದೆ. ಆ ಹೊಸ ಫೈಲನ್ನು ಎಲ್ಲ ಸ್ಕ್ಯಾನರ್‌ಗಳ ಮೆಮೊರಿ ಕಾರ್ಡ್‌ಗೂ ಹಾಕಬೇಕಿತ್ತು. ತಿದ್ದುಪಡಿಯಾದ ಕಡೆಯ ಕೆಲವಕ್ಕೆ ಮಾತ್ರ ಹಾಕಿದರು. ಕೌಂಟಿಯ ಕಂಪ್ಯೂಟರ್‌ನಲ್ಲಿ ಹೊಸ ಪಟ್ಟಿ, ಬಹುಪಾಲು ಕಾರ್ಡ್‌ಗಳಲ್ಲಿ ಹಳೇ ಪಟ್ಟಿ. ಕಾರ್ಡ್ ಓದುವಾಗ ಸಾಲು ಒಂದು ಮನೆ ಜರುಗಿತು: ಒಬ್ಬರ ಮತ ಪಕ್ಕದವರ ಖಾನೆಗೆ. ಕಾರ್ಡ್ ಕಳಿಸುವ ಮುಂಚೆ ಮಾಡಲೇಬೇಕಾದ ಪರೀಕ್ಷೆಯನ್ನು (ಲೆಕ್ಕ ಗೊತ್ತಿರುವ ಮಾದರಿ ಮತಪತ್ರ ಹಾಕಿ ಕೊನೇ ಮೊತ್ತದವರೆಗೆ ನೋಡುವುದು) ಪೂರ್ತಿ ಮಾಡಿದ್ದರೆ ಇದು ಮೊದಲೇ ಸಿಗುತ್ತಿತ್ತು.

ಆದರೆ ಪ್ರತಿ ಸ್ಕ್ಯಾನರ್ ರಾತ್ರಿ ಮುದ್ರಿಸಿದ ಕಾಗದದ ಸುರುಳಿಯಲ್ಲಿ ಲೆಕ್ಕ ಸರಿಯಾಗೇ ಇತ್ತು. ಅದರ ಮೇಲೆ ತಿದ್ದಿದ ಫಲಿತಾಂಶ: ಟ್ರಂಪ್ 9,748, ಬೈಡನ್ 5,960. ಡಿಸೆಂಬರ್ 17ಕ್ಕೆ ಪ್ರತಿ ಮತಪತ್ರವನ್ನೂ ಕೈಯಲ್ಲಿ ಎಣಿಸಿದರು: 9,759 ಮತ್ತು 5,959. ಒಟ್ಟು 12 ಮತದ ವ್ಯತ್ಯಾಸ. ಯಂತ್ರ ಮತ ಕದಿಯುವಂತೆ ಮಾಡಿದ್ದರೆ ಕೈ ಎಣಿಕೆಯಲ್ಲಿ ಸಾವಿರಗಟ್ಟಲೆ ಹೊರಬರಬೇಕಿತ್ತು. ರಿಪಬ್ಲಿಕನ್ನರದೇ ಬಹುಮತವಿದ್ದ ಮಿಷಿಗನ್ ಸೆನೆಟ್ ಸಮಿತಿ 2021ರ ಜೂನ್ ವರದಿಯಲ್ಲಿ ವ್ಯಾಪಕ ಮೋಸಕ್ಕೆ ಪುರಾವೆ ಇಲ್ಲ ಅಂತ ಬರೆಯಿತು.

ಹಳೇಪೇಟೆ:
ಅಂದರೆ ಸುರುಳಿ ಸರಿ, ಕೂಡಿಸಿದ್ದು ತಪ್ಪು. ಅರ್ಥವಾಯಿತು.

ಕೃಷ್ಣೆಯಾಚೆ:
139% ಡೆಟ್ರಾಯಿಟ್ ಬಗ್ಗೆ ನಾ ಹೇಳ್ತೀನ್ರಿ. ಆ ಲೆಕ್ಕ ಕೊಟ್ಟವರ ಕೋರ್ಟಿಗೆ ಕೊಟ್ಟ ಇನ್ನೊಂದು ಪ್ರಮಾಣಪತ್ರದಾಗ ‘ಮಿಷಿಗನ್‌ದಾಗ ಈ ಊರುಗಳೊಳಗ ಮತದಾರರಿಗಿಂತ ಮತ ಜಾಸ್ತಿ ಬಿದ್ದಾವ’ ಅಂತ ಒಂದು ಪಟ್ಟಿ ಇತ್ತು. ಆ ಊರುಗಳು ಮಿಷಿಗನ್‌ದಾಗ ಇಲ್ಲೇ ಇಲ್ಲ, ಮಿನೆಸೋಟಾದಾಗ ಅದಾವ! ಎರಡೂ ರಾಜ್ಯದ ಹೆಸರು ‘ಮಿ’ಯಿಂದ ಶುರು ಆಗ್ತಾವಲ್ರಿ, ಕಲಸಿ ಬಿಟ್ಟಾರ. ಡೆಟ್ರಾಯಿಟ್‌ದಾಗ ನಿಜವಾಗಿ ಮತ ಹಾಕಿದವರು ನೋಂದಾಯಿತರ ಪೈಕಿ 51% ಆಸುಪಾಸು ಅಷ್ಟ. ಪ್ರಮಾಣ ಮಾಡಿ ಕೊಡೋ ಕಾಗದದಾಗ ಊರು ಯಾವ ರಾಜ್ಯದ್ದು ಅಂತ ನೋಡ್ಲಿಲ್ಲ ಅಂದ್ರ ಏನ್ ಹೇಳ್ಬೇಕು?

ಎಣಿಕೆಮನೆ:
ಜಾರ್ಜಿಯಾ ಬಗ್ಗೆ ಬರೆಯದಿದ್ದರೆ ಈ ಎಳೆ ಪೂರ್ತಿಯಾಗದು. ಅಲ್ಲಿ ಸುಮಾರು 50 ಲಕ್ಷ ಮತವನ್ನು ಮೂರು ಸಲ ಎಣಿಸಿದ್ದಾರೆ. ಮೊದಲು ಯಂತ್ರ, ಆಮೇಲೆ ಪೂರ್ತಿ ಕೈ ಎಣಿಕೆ, ಆಮೇಲೆ ಇನ್ನೊಮ್ಮೆ ಯಂತ್ರ. ಕೈ ಎಣಿಕೆಯಲ್ಲಿ ನಿಜವಾದ ತಪ್ಪುಗಳು ಸಿಕ್ಕವು: ಫ್ಲಾಯ್ಡ್ ಕೌಂಟಿಯಲ್ಲಿ ಸುಮಾರು 2,600 ಮತಪತ್ರ ಲೆಕ್ಕಕ್ಕೇ ಬಂದಿರಲಿಲ್ಲ, ಫೇಯೆಟ್ ಕೌಂಟಿಯಲ್ಲಿ 2,755 ಮತವಿದ್ದ ಒಂದು ಮೆಮೊರಿ ಕಾರ್ಡ್ ಏರಿಸುವುದೇ ಬಿಟ್ಟುಹೋಗಿತ್ತು. ಇವೆರಡರಿಂದಲೂ ಲಾಭವಾದದ್ದು ಟ್ರಂಪ್‌ಗೆ. ಕೊನೆಯ ಅಂತರ 11,779.

2021ರ ಜನವರಿ 2ರಂದು ಟ್ರಂಪ್ ಫೋನ್ ಮಾಡಿ ಹುಡುಕಿಕೊಡಿ ಅಂದದ್ದು 11,780 ಮತ, ಅಂದರೆ ಇದಕ್ಕಿಂತ ಒಂದೇ ಒಂದು ಹೆಚ್ಚು. ಆ ಕಡೆ ಫೋನ್ ಹಿಡಿದಿದ್ದ, ಜಾರ್ಜಿಯಾದ ಚುನಾವಣೆಯ ಉಸ್ತುವಾರಿ ಹೊತ್ತಿದ್ದ ರಾಜ್ಯ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರ್ ಸ್ವತಃ ರಿಪಬ್ಲಿಕನ್.

ನೇರಮಾತು:
ಎಣಿಕೆಮನೆ ಸರ್, ಮೂರು ಸಲ ಅಲ್ಲ, ಮೂವತ್ತು ಸಲ ಎಣಿಸಿ. ರಾಶಿಯೊಳಗೆ ಕಳ್ಳ ಮತಪತ್ರ ಸೇರಿದ್ದರೆ ಪ್ರತಿ ಸಲವೂ ಅದೇ ಉತ್ತರ ಬರುತ್ತದೆ. ನನ್ನ ಪ್ರಶ್ನೆ ಲಕೋಟೆಯ ಸಹಿ ಬಗ್ಗೆ. ಲಕೋಟೆಯಿಂದ ಮತಪತ್ರ ತೆಗೆದ ಮೇಲೆ ಯಾವ ಕಾಗದ ಯಾರದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಸಹಿ ತಪ್ಪು ಅಂತ ಆಮೇಲೆ ಗೊತ್ತಾದರೂ ಆ ಮತ ವಾಪಸ್ ತೆಗೆಯಲು ಆಗುವುದಿಲ್ಲ. ಇದನ್ನು ಯಾರೂ ಒಪ್ಪಿಕೊಳ್ಳುತ್ತಿಲ್ಲ. ಇನ್ನು ಅದೇ ಜಾರ್ಜಿಯಾದ ಫುಲ್ಟನ್ ಕೌಂಟಿಯ ಮರುಎಣಿಕೆಯಲ್ಲಿ ಸುಮಾರು 3,000 ಮತಪತ್ರ ಎರಡೆರಡು ಸಲ ಸ್ಕ್ಯಾನ್ ಆಗಿದ್ದವು ಅಂತ 2024ರಲ್ಲಿ ರಾಜ್ಯ ಚುನಾವಣಾ ಮಂಡಳಿಯೇ ಆ ಕೌಂಟಿಗೆ ಛೀಮಾರಿ ಹಾಕಿತಲ್ಲ?

ಎಣಿಕೆಮನೆ:
@ನೇರಮಾತು ಒಪ್ಪಿದೆ, ಎರಡೂ ನಿಜ. ಗುಪ್ತ ಮತದಾನ ಬೇಕು ಅಂದರೆ ಲಕೋಟೆ ಮತ್ತು ಕಾಗದ ಬೇರೆಯಾಗಲೇಬೇಕು. ಹಾಗಾಗಿ ತಪಾಸಣೆ ಎಲ್ಲಾ ಲಕೋಟೆ ಒಡೆಯುವ ಮುಂಚೆಯೇ ಆಗಬೇಕು. ಲಕೋಟೆಗಳನ್ನು ಎಸೆಯುವುದಿಲ್ಲ, ಫೆಡರಲ್ ಕಾನೂನಿನಂತೆ 22 ತಿಂಗಳು ಇಡಬೇಕು. ಜಾರ್ಜಿಯಾದ ಕಾಬ್ ಕೌಂಟಿಯಲ್ಲಿ 15,118 ಲಕೋಟೆ ತೆಗೆದು ರಾಜ್ಯದ ತನಿಖಾ ದಳದವರು ಸಹಿ ಮತ್ತೆ ತಾಳೆ ನೋಡಿದರು. ಎರಡರಲ್ಲಿ ಮಾತ್ರ ಸಿಬ್ಬಂದಿ ಕ್ರಮ ತಪ್ಪಿದ್ದರು. ಆ ಎರಡೂ ಕಳ್ಳಮತವಲ್ಲ. 2021ರ ಕಾನೂನಿನಲ್ಲಿ ಜಾರ್ಜಿಯಾ ಸಹಿ ತಾಳೆಯನ್ನೇ ಕೈಬಿಟ್ಟು ಚಾಲನಾ ಪರವಾನಗಿ ಸಂಖ್ಯೆ ಕೇಳತೊಡಗಿತು.

ಎರಡು ಸಲ ಸ್ಕ್ಯಾನ್ ಆದದ್ದು ಫುಲ್ಟನ್‌ನವರ ಅಜಾಗರೂಕತೆ. ಒಂದು ಕಂತೆ ಸಿಕ್ಕಿಹಾಕಿಕೊಂಡಾಗ ಇಡೀ ಕಂತೆಯನ್ನು ರದ್ದು ಮಾಡದೆ ಮತ್ತೆ ಹಾಕಿದರೆ ಹೀಗಾಗುತ್ತದೆ. ಆ 3,000 ಅಷ್ಟೂ ಬೈಡನ್‌ಗೇ ಬಿದ್ದಿತ್ತು ಅಂದುಕೊಳ್ಳಿ, ಆದರೂ 11,779 ಮುಚ್ಚುವುದಿಲ್ಲ.

ಅಂಕಿಸಂಖ್ಯೆ:
ಕಳ್ಳ ಮತಪತ್ರ ರಾಶಿಗೆ ಸೇರಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಬರೀ ಕಾಗದ ಛಾಪಿಸಿ ತುರುಕಿದರೆ ಆ ಮತಗಟ್ಟೆಯಲ್ಲಿ ಹಾಜರಿಗಿಂತ ಮತ ಹೆಚ್ಚಾಗಿ ಕ್ಯಾನ್ವಾಸ್‌ನಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಪ್ರತಿ ಕಾಗದಕ್ಕೂ ಒಬ್ಬ ನೋಂದಾಯಿತ ಮತದಾರನ ಹೆಸರು ಬೇಕು.

ಅರಿಜೋನಾ ತಗೊಳ್ಳಿ. ಅಂತರ 10,457. ಅಷ್ಟು ಹೆಸರು ಕದಿಯಬೇಕು. 2020ರಲ್ಲಿ ಅಲ್ಲಿ ನೋಂದಾಯಿತರಲ್ಲಿ ಸುಮಾರು 80% ಜನ ಮತ ಹಾಕಿದರು. ಅಂದರೆ ಕದ್ದ ಹೆಸರುಗಳಲ್ಲಿ 8,000ಕ್ಕೂ ಹೆಚ್ಚು ಜನ ತಾವೇ ಮತ ಹಾಕಲು ಬರುತ್ತಾರೆ. ಮತಗಟ್ಟೆಯಲ್ಲಿ ‘ನಿಮ್ಮ ಮತ ಆಗಲೇ ಬಂದಿದೆ’ ಅಂತ ಕಂಪ್ಯೂಟರ್ ಹೇಳುತ್ತದೆ. ತಾತ್ಕಾಲಿಕ ಮತಪತ್ರ ಕೊಟ್ಟು ಹೆಸರು ಬರೆದುಕೊಳ್ಳುತ್ತಾರೆ. ಒಂದು ರಾಜ್ಯದಲ್ಲಿ ಒಂದೇ ದಿನ ಎಂಟು ಸಾವಿರ ಜನ ‘ನನ್ನ ಮತ ಬೇರೆ ಯಾರೋ ಹಾಕಿದ್ದಾರೆ’ ಅಂತ ಜಗಳ ತೆಗೆದರೆ ಮುಚ್ಚಿಡಲಾದೀತೇ?

ನೇರಮಾತು:
ಯಾವಾಗಲೂ ಮತ ಹಾಕದವರ ಹೆಸರನ್ನೇ ಆರಿಸಿಕೊಂಡರೆ?

ಅಂಕಿಸಂಖ್ಯೆ:
ಆಗ ಡಿಕ್ಕಿ ಕಡಿಮೆ. ಆದರೆ ಯಾರು ಮತ ಹಾಕಿದರು ಅನ್ನುವ ಪಟ್ಟಿ ಅಲ್ಲಿ ಪಕ್ಷಗಳಿಗೆ ಸಿಗುತ್ತದೆ (ಯಾರಿಗೆ ಹಾಕಿದರು ಅನ್ನುವುದು ಸಿಗದು). ವರ್ಷಗಟ್ಟಲೆ ಹಾಕದ ಸಾವಿರಾರು ಜನ ಒಮ್ಮೆಲೇ ಹಾಕಿದ್ದರೆ ಮನೆ ಬಾಗಿಲು ತಟ್ಟಿ ಕೇಳಬಹುದು, ಕೇಳಿದರು ಕೂಡ. ಜೊತೆಗೆ ಪ್ರತಿ ಲಕೋಟೆಗೂ ಆ ಮತದಾರನದೇ ಬಾರ್‌ಕೋಡ್ ಬೇಕು, ಸಹಿ ಹೊಂದಬೇಕು. ಅಸೋಸಿಯೇಟೆಡ್ ಪ್ರೆಸ್ 2021ರ ಡಿಸೆಂಬರ್‌ನಲ್ಲಿ ಆರು ವಿವಾದಿತ ರಾಜ್ಯಗಳ ಪ್ರತಿ ಚುನಾವಣಾ ಕಚೇರಿಯನ್ನೂ ಕೇಳಿ ಲೆಕ್ಕ ಹಾಕಿತು. 2.55 ಕೋಟಿ ಮತದಲ್ಲಿ ಶಂಕಿತ ಪ್ರಕರಣ 475ಕ್ಕೂ ಕಡಿಮೆ, ಅವುಗಳಲ್ಲಿ ಎಷ್ಟೋ ಮತ ಎಣಿಕೆಗೇ ಸೇರಿರಲಿಲ್ಲ. ಆರೂ ಕಡೆ ಸೇರಿ ಬೈಡನ್ ಅಂತರ 3,11,257.

ಕಾವೇರಿಮಗಳು:
ಸತ್ತವರ ಪಟ್ಟಿ ಬಗ್ಗೆ ನಾನು ಸೇರಿಸುತ್ತೇನೆ. ಮತದಾರರ ಪಟ್ಟಿ ಒಂದು ಕಡೆ, ಮರಣದ ಪಟ್ಟಿ ಇನ್ನೊಂದು ಕಡೆ ಇಟ್ಟು, ಹೆಸರು ಮತ್ತು ಹುಟ್ಟಿದ ವರ್ಷ ಮಾತ್ರ ಹೊಂದಿಸಿದರೆ ಸಾವಿರಾರು ‘ಸತ್ತವರು’ ಸಿಗುತ್ತಾರೆ. ಅಪ್ಪನ ಹೆಸರೇ ಮಗನಿಗೂ ಇರುವ ಮನೆಗಳು ಅಲ್ಲಿ ತುಂಬ. ಹುಟ್ಟಿದ ದಿನ ಗೊತ್ತಿಲ್ಲದ ಹಳೇ ನೋಂದಣಿಗಳಿಗೆ 1900ರ ಜನವರಿ 1 ಅಂತ ತುಂಬಿಸಿಟ್ಟದ್ದೂ ಇದೆ. ‘120 ವರ್ಷದ ಮತದಾರ’ ಹುಟ್ಟುವುದು ಹಾಗೆ.

ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದ ಹುಟ್ಟಿದ ದಿನವೇ ಪಾಸ್‌ಪೋರ್ಟಿಗೂ ಹೋಗಿರುವವರು ನಮ್ಮಲ್ಲಿ ಎಷ್ಟಿಲ್ಲ! ಶ್ರೀನಿವಾಸ ರಾವ್, ಜೂನ್ 1, ಅದೇ ವರ್ಷ ಅಂತ ಹುಡುಕಿದರೆ ಎಷ್ಟು ಬೇರೆ ಬೇರೆ ಜನ ‘ಒಬ್ಬರೇ’ ಆಗಿಬಿಡುತ್ತಾರೆ ಯೋಚಿಸಿ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮತ್ತು ವಿಳಾಸ ಸೇರಿಸಿ ನೋಡಿದಾಗ ಸುಳ್ಳು ಜೋಡಿಗಳು ಉದುರುತ್ತವೆ. ಜಾರ್ಜಿಯಾದಲ್ಲಿ ಸಾವಿರಗಟ್ಟಲೆ ಅಂತ ಹೇಳಿದ್ದು ತನಿಖೆಯ ಕೊನೆಗೆ ನಾಲ್ಕಕ್ಕೆ ಬಂದು ನಿಂತಿತು. ಪೆನ್ಸಿಲ್ವೇನಿಯಾದಲ್ಲಿ ಸತ್ತ ತಾಯಿಯ ಹೆಸರಲ್ಲಿ ಟ್ರಂಪ್‌ಗೆ ಮತ ಹಾಕಿದವನೊಬ್ಬ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ.

ಮಲ್ಲಿಗೆಬಳ್ಳಿ:
ನಮ್ಮಲ್ಲಿ ಹಾಗೆ ಒಂದೇ ಚುನಾವಣಾ ಆಯೋಗ, ಒಂದೇ ಗುರುತಿನ ಚೀಟಿ ಮಾಡಿಬಿಟ್ಟರೆ ಅವರ ತಲೆನೋವು ಮುಗಿಯುತ್ತಲ್ಲ? ಬೆಂಗಳೂರಿನ ಬಿಇಎಲ್‌ನಿಂದ ಇವಿಎಂ ತರಿಸಿಕೊಳ್ಳಲಿ.

ಗಣಕಪ್ರಿಯ:
@ಮಲ್ಲಿಗೆಬಳ್ಳಿ ಮೇಡಂ, ಅಲ್ಲಿ ಒಂದೇ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿ, ನ್ಯಾಯಾಧೀಶರವರೆಗೆ ಹತ್ತಾರು ಸ್ಪರ್ಧೆ ಇರುತ್ತವೆ. ಒಂದು ಗುಂಡಿಗೆ ಒಬ್ಬ ಅಭ್ಯರ್ಥಿ ಅನ್ನುವ ನಮ್ಮ ಯಂತ್ರ ಅದಕ್ಕೆ ಒಗ್ಗದು. ಚುನಾವಣೆ ನಡೆಸುವುದು ರಾಜ್ಯದ ಹಕ್ಕು ಅಂತ ಅವರ ಸಂವಿಧಾನದಲ್ಲೇ ಇದೆ, ಕೆಲಸ ಮಾಡುವುದು ಕೌಂಟಿ ಮತ್ತು ಪಟ್ಟಣಗಳು. ಹೋಲಿಕೆ ಬರುವುದು ವಿವಿಪ್ಯಾಟ್ ವಿಷಯದಲ್ಲಿ. ನಮ್ಮಲ್ಲಿ ಚೀಟಿಯ ಮೇಲೆ ಹೆಸರು, ಚಿಹ್ನೆ 7 ಸೆಕೆಂಡ್ ಕಣ್ಣಿಗೆ ಕಾಣುತ್ತದೆ. ಜಾರ್ಜಿಯಾದ ಯಂತ್ರ ಮುದ್ರಿಸುವ ಹಾಳೆಯಲ್ಲಿ ಹೆಸರೂ ಇದೆ, ಕ್ಯೂಆರ್ ಕೋಡೂ ಇದೆ. ಆದರೆ ಸ್ಕ್ಯಾನರ್ ಓದಿ ಎಣಿಸುವುದು ಕ್ಯೂಆರ್ ಕೋಡನ್ನು. ಅದರಲ್ಲಿ ಏನಿದೆ ಅಂತ ಮತದಾರನ ಕಣ್ಣಿಗೆ ಓದಲಾಗದು.

ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಆ ಯಂತ್ರದಲ್ಲಿ ದೋಷಗಳನ್ನು ತೋರಿಸಿದರು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ 2022ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತು, ಯಾವ ಚುನಾವಣೆಯಲ್ಲೂ ಅವುಗಳನ್ನು ಬಳಸಿಕೊಂಡ ಪುರಾವೆ ಇಲ್ಲ ಅಂತಲೂ ಹೇಳಿತು. 2020ರ ಮಟ್ಟಿಗೆ ಕೈ ಎಣಿಕೆಯಲ್ಲಿ ಓದಿದ್ದು ಕ್ಯೂಆರ್ ಅಲ್ಲ, ಮುದ್ರಿತ ಹೆಸರು. ಹಾಗಾಗಿ ಆ ಕೈ ಎಣಿಕೆಗೆ ಅಷ್ಟು ಬೆಲೆ. ನನ್ನ ಅಭಿಪ್ರಾಯದಲ್ಲಿ, ಕೈಯಲ್ಲಿ ಗುರುತು ಹಾಕಿದ ಕಾಗದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಂಗವಿಕಲರಿಗೆ ಮಾತ್ರ ಯಂತ್ರ ಇರಲಿ.

ನೇರಮಾತು:
ಇದನ್ನೇ ನಾವು ಹೇಳಿದರೆ ಪಿತೂರಿ ಸಿದ್ಧಾಂತ ಅನ್ನುತ್ತಾರೆ.

ಗಣಕಪ್ರಿಯ:
ದೋಷ ಇದೆ ಅನ್ನುವುದು ಒಂದು ಮಾತು, ಆ ದೋಷದಿಂದ ಚುನಾವಣೆ ಕದ್ದರು ಅನ್ನುವುದು ಬೇರೆ ಮಾತು. ಮೊದಲನೆಯದಕ್ಕೆ ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ. ಎರಡನೆಯದಕ್ಕೆ ಕಾಗದದಲ್ಲಿ ವ್ಯತ್ಯಾಸ ತೋರಿಸಿ. ಪುರಾವೆ ಹುಡುಕುವ ಹೆಸರಿನಲ್ಲಿ ಆದ ಹಾನಿಯನ್ನೂ ನೋಡಿ: ಕೊಲರಾಡೋದ ಮೆಸಾ ಕೌಂಟಿಯ ಚುನಾವಣೆ ನೋಡಿಕೊಳ್ಳುತ್ತಿದ್ದ ಕ್ಲರ್ಕ್ ಟೀನಾ ಪೀಟರ್ಸ್ ಹೊರಗಿನವರನ್ನು ಯಂತ್ರದ ಕೋಣೆಗೆ ಬಿಟ್ಟು ಹಾರ್ಡ್‌ಡಿಸ್ಕ್ ನಕಲು ಮಾಡಿಸಿದರು, 2024ರಲ್ಲಿ 9 ವರ್ಷದ ಶಿಕ್ಷೆ ಬಿತ್ತು.

ಅಂಕಿಸಂಖ್ಯೆ:
ಬೆನ್‌ಫರ್ಡ್ ನಿಯಮದ ಗ್ರಾಫ್ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಸಹಜವಾದ ಅಂಕಿಗಳಲ್ಲಿ ಮೊದಲ ಅಂಕಿ 1 ಬರುವುದು ಸುಮಾರು 30% ಸಲ. ಬೈಡನ್ ಮತಗಳಲ್ಲಿ ಹಾಗಿಲ್ಲ, ಆದ್ದರಿಂದ ಮೋಸ ಅನ್ನುವ ವಾದ. ನಿಯಮ ನಡೆಯಬೇಕಾದರೆ ಸಂಖ್ಯೆಗಳು ಹತ್ತರಿಂದ ಲಕ್ಷದವರೆಗೆ ಹರಡಿರಬೇಕು. ನಗರದ ಮತಗಟ್ಟೆಗಳನ್ನು ಬೇಕೆಂತಲೇ ಒಂದೇ ಗಾತ್ರಕ್ಕೆ ಕತ್ತರಿಸಿರುತ್ತಾರೆ. ಒಂದೊಂದರಲ್ಲಿ 500ರಿಂದ 900 ಮತ ಇದೆ ಅಂದುಕೊಳ್ಳಿ. 75% ಪಡೆದವರ ಮತ 375ರಿಂದ 675: ಮೊದಲ ಅಂಕಿ 3, 4, 5, 6 ಮಾತ್ರ. 20% ಪಡೆದವರದು 100ರಿಂದ 180: ಎಲ್ಲದರಲ್ಲೂ 1. ಮೋಸ ಇರಲಿ ಬಿಡಲಿ, ಉತ್ತರ ಇದೇ. ಪೆನ್ನು ಕಾಗದ ಹಿಡಿದು ಐದು ನಿಮಿಷದಲ್ಲಿ ಯಾರು ಬೇಕಾದರೂ ನೋಡಬಹುದು.

ಹಳೇಪೇಟೆ:
2024ರ ಎರಡು ಕೋಟಿ?

ಕಡಲಕರೆ:
@ಹಳೇಪೇಟೆ ಅದು ಎಣಿಕೆ ಅರ್ಧದಲ್ಲಿರುವಾಗ ತೆಗೆದ ಚಿತ್ರ. ಕ್ಯಾಲಿಫೋರ್ನಿಯಾದಲ್ಲಿ ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದ ಲಕೋಟೆ ಏಳು ದಿನ ತಡವಾಗಿ ಬಂದರೂ ತಗೊಳ್ಳುತ್ತಾರೆ, ಎಣಿಕೆ ವಾರಗಟ್ಟಲೆ ನಡೆಯುತ್ತದೆ. ಕೊನೆಯ ಲೆಕ್ಕ: 2020ರಲ್ಲಿ ಇಬ್ಬರಿಗೂ ಸೇರಿ ಸುಮಾರು 15.5 ಕೋಟಿ, 2024ರಲ್ಲಿ ಟ್ರಂಪ್ 7.73 ಕೋಟಿ, ಡೆಮಾಕ್ರಟರ ಕಮಲಾ ಹ್ಯಾರಿಸ್ 7.5 ಕೋಟಿ. ಎರಡು ಕೋಟಿ ಎಲ್ಲಿಗೂ ಹೋಗಲಿಲ್ಲ. ಸ್ಟಾರ್‌ಲಿಂಕ್ ಕೆಲವು ಕಡೆ ಹಾಜರಿ ನೋಡುವ ಟ್ಯಾಬ್ಲೆಟ್‌ಗಳ ಇಂಟರ್ನೆಟ್‌ಗೆ ಬಳಸಿದ್ದು ಹೌದು, ಎಣಿಸುವ ಸ್ಕ್ಯಾನರ್‌ಗೆ ಅದನ್ನು ಕೊಟ್ಟಿರಲಿಲ್ಲ.

ಕೃಷ್ಣೆಯಾಚೆ:
ಡೆಮಾಕ್ರಟರದು ಹೊಸಾ ಚಟ ಅಲ್ರಿ. 2004ರಾಗ ಓಹಾಯೋ ಮ್ಯಾಲೆ ಇದ ಕೂಗು ಇತ್ತು. ಗಹಾನಾ ಅನ್ನೋ ಕಡೆ 638 ಜನ ಮತ ಹಾಕಿದ ಮತಗಟ್ಟಿಯೊಳಗ ಯಂತ್ರ ಬುಶ್‌ಗ 4,258 ಮತ ತೋರಿಸ್ತು! ತಿದ್ದಿದ ಮ್ಯಾಲೆ 365. 2005ರ ಜನವರಿ 6ಕ್ಕ ಸಂಸತ್ತಿನ್ಯಾಗ ಡೆಮಾಕ್ರಟರು ಆಕ್ಷೇಪಣೆ ಎತ್ತಿದ್ರು, ಸೆನೆಟ್‌ದಾಗ ಬಾರ್ಬರಾ ಬಾಕ್ಸರ್ ಒಬ್ರ ಅದರ ಪರ ನಿಂತ್ರು. ಅದರಾಗ ಒಂದು ನಿಜ ಇತ್ತು: ಕಯಹೋಗಾ ಕೌಂಟಿಯ ಇಬ್ಬರು ನೌಕರರು ಮರುಎಣಿಕೆಗೆ ಚೀಟಿ ಎತ್ತಿದಂಗ ಮಾಡಿ, ಮೊದಲ ತಾಳೆ ನೋಡಿಟ್ಟ ಮತಗಟ್ಟಿಗಳನ್ನ ಆರಿಸಿದ್ರು. ಪೂರ್ತಿ ಕೈ ಎಣಿಕೆಯ ಕೆಲಸ ತಪ್ಪಿಸ್ಕೊಳ್ಳಾಕ. 2007ರಾಗ ಶಿಕ್ಷೆ ಆತು.

ತುಂಗಾತೀರ:
ಇದು ನನಗೆ ಗೊತ್ತೇ ಇರಲಿಲ್ಲ. 2000ದ ಫ್ಲೋರಿಡಾದಲ್ಲೂ ಯಂತ್ರದ ತಪ್ಪು ಇತ್ತಾ, ಬರೀ ತೂತು ಸರಿಯಾಗಿ ಬೀಳದ ಕಾರ್ಡಿನ ಕತೆಯಾ?

ಎಣಿಕೆಮನೆ:
@ತುಂಗಾತೀರ ಎರಡೂ. ವೊಲೂಷಿಯಾ ಕೌಂಟಿಯ ಒಂದು ಮೆಮೊರಿ ಕಾರ್ಡ್ ಆ ರಾತ್ರಿ ಅಲ್ ಗೋರ್‌ಗೆ ಮೈನಸ್ 16,022 ಮತ ಕೊಟ್ಟಿತ್ತು. ಮೈನಸ್! ಗೋರ್ ಮೊತ್ತ ಏರುವ ಬದಲು ಇಳಿದದ್ದು ಕಣ್ಣಿಗೆ ಬಿದ್ದು ತಿದ್ದಿದರು. ಬುಶ್ ಗೆದ್ದ ಅಂತಿಮ ಅಂತರ 537. ಆ ಗೊಂದಲದಿಂದಲೇ 2002ರ ಕಾನೂನು ಬಂದು ಪಂಚ್ ಕಾರ್ಡ್‌ಗಳು ಹೋದವು.

ಹೊಸಬರು_ಟೆಕ್ಸಸ್:
ಸ್ವಲ್ಪ ಬೇರೆ ಪ್ರಶ್ನೆ. ಪೌರರಲ್ಲದವರು ಮತ ಹಾಕುತ್ತಾರೆ ಅನ್ನುವುದು ಎಷ್ಟು ನಿಜ? ಗ್ರೀನ್ ಕಾರ್ಡ್ ಇರುವ ಕನ್ನಡಿಗರು ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಕಾವೇರಿಮಗಳು:
@ಹೊಸಬರು_ಟೆಕ್ಸಸ್ ಇದೆ, ದಯವಿಟ್ಟು ಗಮನವಿಟ್ಟು ಓದಿ. 1993ರ ಕಾನೂನಿನ ಪ್ರಕಾರ ಚಾಲನಾ ಪರವಾನಗಿ ಕಚೇರಿಯಲ್ಲೇ ‘ಮತದಾರರಾಗಿ ನೋಂದಾಯಿಸಲೇ?’ ಅಂತ ಕೇಳುತ್ತಾರೆ. ಗುಮಾಸ್ತೆ ಕೇಳಿದರೂ, ಪರದೆಯಲ್ಲಿ ಬಂದರೂ, ನೀವು ಪೌರರಲ್ಲದಿದ್ದರೆ ‘ಇಲ್ಲ’ ಅನ್ನಲೇಬೇಕು. ಸಹಿ ಮಾಡುವ ಮುಂಚೆ ಪೌರತ್ವದ ಚೌಕದಲ್ಲಿ ಗುರುತು ಬಿದ್ದಿದೆಯೇ ನೋಡಿ. ತಪ್ಪಿ ನೋಂದಣಿ ಕಾರ್ಡ್ ಮನೆಗೆ ಬಂದರೆ ಇಟ್ಟುಕೊಂಡು ಕೂರಬೇಡಿ: ಮತ ಹಾಕಬೇಡಿ, ವಲಸೆ ವಕೀಲರ ಹತ್ತಿರ ಮಾತಾಡಿ, ಹೆಸರು ತೆಗೆಸಿದ ಪತ್ರವನ್ನು ಜೋಪಾನ ಮಾಡಿ. ಪೌರತ್ವದ ಅರ್ಜಿಯಲ್ಲಿ ‘ಎಂದಾದರೂ ನೋಂದಾಯಿಸಿದ್ದೀರಾ, ಮತ ಹಾಕಿದ್ದೀರಾ’ ಅಂತ ನೇರವಾಗಿ ಕೇಳುತ್ತಾರೆ. ಒಂದು ಮತಕ್ಕೆ ಗಡೀಪಾರು ಆಗಬಹುದು. ಅಷ್ಟು ಅಪಾಯ ಇರುವುದರಿಂದಲೇ ಜನ ಬೇಕೆಂತ ಮಾಡುವುದಿಲ್ಲ.

ಸಂಖ್ಯೆ ಬೇಕಾದರೆ: ಜಾರ್ಜಿಯಾ 2024ರಲ್ಲಿ ತನ್ನ 82 ಲಕ್ಷ ನೋಂದಾಯಿತರನ್ನು ಜಾಲಾಡಿದಾಗ ಪೌರರಲ್ಲದವರು 20 ಜನ ಸಿಕ್ಕರು. ಉತ್ತರ ಕ್ಯಾರೊಲಿನಾದಲ್ಲಿ 2016ರಲ್ಲಿ 48 ಲಕ್ಷ ಮತಗಳಲ್ಲಿ 41. ಟ್ರಂಪ್ 2016ರ ನಂತರ 30ರಿಂದ 50 ಲಕ್ಷ ಅಕ್ರಮ ಮತ ಅಂದಿದ್ದರು. ಅದಕ್ಕೇ ನೇಮಿಸಿದ ಆಯೋಗವನ್ನು 2018ರ ಜನವರಿಯಲ್ಲಿ ಏನೂ ತೋರಿಸದೆ ವಿಸರ್ಜಿಸಿದರು.

ನೇರಮಾತು:
ಸರಿ, ಕೋರ್ಟ್ ವಿಷಯ. 2020ರ ಫಲಿತಾಂಶದ ವಿರುದ್ಧ ಟ್ರಂಪ್ ಕಡೆಯವರು ಹಾಕಿದ ಅರವತ್ತು ಕೇಸ್ ಬಿದ್ದವು ಅಂತ ಎಲ್ಲರೂ ಹೇಳುತ್ತಾರೆ. ಬಹಳಷ್ಟು ‘ನಿಮಗೆ ದಾವೆ ಹೂಡುವ ಹಕ್ಕಿಲ್ಲ’ ಅಂತ ಬಿದ್ದವು. ಟೆಕ್ಸಸ್ ತಂದ ಕೇಸನ್ನು ಸುಪ್ರೀಂ ಕೋರ್ಟ್ ಡಿಸೆಂಬರ್ 11ಕ್ಕೆ ಹಾಗೇ ತಳ್ಳಿತು. ಸಾಕ್ಷ್ಯ ನೋಡಿದ್ದೆಲ್ಲಿ?

ನ್ಯಾಯಪೀಠ:
@ನೇರಮಾತು ಟೆಕ್ಸಸ್ ಕೇಸಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ನೆವಾಡಾದಲ್ಲಿ ನ್ಯಾಯಾಧೀಶರು ಸಾಕ್ಷಿಗಳ ಹೇಳಿಕೆಗಳನ್ನು ಪರಿಶೀಲಿಸಿ, ಒಂದೊಂದು ಆರೋಪಕ್ಕೂ ಉತ್ತರ ಬರೆದು ಡಿಸೆಂಬರ್ 4ರಂದು ವಜಾ ಮಾಡಿದರು. ವಿಸ್ಕಾನ್ಸಿನ್‌ನಲ್ಲಿ ಟ್ರಂಪ್ ಅವರೇ ನೇಮಿಸಿದ್ದ ಫೆಡರಲ್ ನ್ಯಾಯಾಧೀಶ ಬ್ರೆಟ್ ಲುಡ್ವಿಗ್ ಅರ್ಹತೆಯ ಮೇಲೆಯೇ ತೀರ್ಪು ಕೊಟ್ಟರು. ಪೆನ್ಸಿಲ್ವೇನಿಯಾದ ಕೋರ್ಟಿನಲ್ಲಿ ನವೆಂಬರ್ 17ರಂದು ಟ್ರಂಪ್ ವಕೀಲ ರೂಡಿ ಜೂಲಿಯಾನಿ ‘ಇದು ವಂಚನೆಯ ಮೊಕದ್ದಮೆಯಲ್ಲ’ ಅಂತ ತಾವೇ ಹೇಳಿದರು. ಹೊರಗೆ ಮೈಕ್ ಮುಂದೆ ಹೇಳುತ್ತಿದ್ದದ್ದನ್ನು ಕೋರ್ಟಿನಲ್ಲಿ ಹೇಳಲಿಲ್ಲ, ಯಾಕೆಂದರೆ ಅಲ್ಲಿ ಸುಳ್ಳಿಗೆ ದಂಡ ಇದೆ. ಮಾನನಷ್ಟದ ಕೇಸುಗಳಲ್ಲಿ ಆ ದಂಡ ಬಿದ್ದೂ ಬಿತ್ತು: ಫಾಕ್ಸ್ ವಾಹಿನಿ 2023ರ ಏಪ್ರಿಲ್‌ನಲ್ಲಿ ಡೊಮಿನಿಯನ್‌ಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಗಣಕಪ್ರಿಯ:
ಕೋರ್ಟ್ ಬೇಡ ಅನ್ನುವವರಿಗೆ ಅರಿಜೋನಾದ ಮಾರಿಕೋಪಾ ಕೌಂಟಿ. ಅರಿಜೋನಾದ ರಿಪಬ್ಲಿಕನ್ ಸೆನೆಟರ್‌ಗಳು ಸೈಬರ್ ನಿಂಜಾಸ್ ಅನ್ನುವ, ಚುನಾವಣೆಯ ಅನುಭವವೇ ಇಲ್ಲದ ಕಂಪನಿಗೆ 21 ಲಕ್ಷ ಮತಪತ್ರ ಕೊಟ್ಟರು. ಫೀನಿಕ್ಸ್‌ನ ಕ್ರೀಡಾಂಗಣದಲ್ಲಿ ತಿರುಗುವ ಮಣೆಯ ಮೇಲೆ ಒಂದೊಂದೇ ಮತಪತ್ರ ಸುತ್ತುತ್ತಿತ್ತು, ಸುತ್ತ ಕೂತ ಮೂವರು ಬೇರೆ ಬೇರೆ ಗೆರೆ ಎಳೆದು ಎಣಿಸುತ್ತಿದ್ದರು. ಮೊದಲ ದಿನ ಆ ಎಣಿಸುವವರ ಕೈಗೆ ನೀಲಿ ಪೆನ್ನು ಕೊಟ್ಟಿದ್ದರು. ಸ್ಕ್ಯಾನರ್ ನೀಲಿ, ಕಪ್ಪು ಶಾಯಿ ಎರಡನ್ನೂ ಓದುತ್ತದೆ; ಕೈತಪ್ಪಿ ಒಂದು ಗೀರು ಬಿದ್ದರೂ ಅದು ಮತವಾದೀತು. ಈ ಕೆಲಸಕ್ಕೆ ಕೂರುವವರ ಕೈಯಲ್ಲಿ ಕೆಂಪು ಪೆನ್ನೇ ಇರಬೇಕು. ಒಬ್ಬ ಪತ್ರಕರ್ತೆ ಗಮನಿಸಿ ಹೇಳಿದ ಮೇಲೆ ಬದಲಾಯಿಸಿದರು. ಏಷ್ಯಾದಿಂದ ಬಂದ ಕಾಗದವೇ ಅಂತ ಬಿದಿರಿನ ನಾರು ಕೂಡ ಹುಡುಕಿದರು. 2021ರ ಸೆಪ್ಟೆಂಬರ್‌ನಲ್ಲಿ ಬಂದ ಅವರದೇ ಲೆಕ್ಕ: ಬೈಡನ್‌ಗೆ 99 ಹೆಚ್ಚು, ಟ್ರಂಪ್‌ಗೆ 261 ಕಡಿಮೆ.

ಕೃಷ್ಣೆಯಾಚೆ:
ನಿಜವಾದ ಅಂಚೆ ಮತದ ಮೋಸ ಹೆಂಗ ಇರ್ತದ ಅಂತ ನೋಡ್ಬೇಕಂದ್ರ 2018ರ ಉತ್ತರ ಕ್ಯಾರೊಲಿನಾದ 9ನೇ ಕ್ಷೇತ್ರ ನೋಡ್ರಿ (ಅಧ್ಯಕ್ಷ ಚುನಾವಣಿ ಅಲ್ಲ, ಸಂಸತ್ತಿಂದು). ರಿಪಬ್ಲಿಕನ್ ಅಭ್ಯರ್ಥಿ ಕಡೆ ದಲ್ಲಾಳಿ ಮನಿಮನಿಗೆ ಮಂದಿ ಕಳಿಸಿ ಲಕೋಟೆ ಸಂಗ್ರಹ ಮಾಡಿಸಿದ್ದ. ಅಂತರ 905. ಒಂದು ಕೌಂಟಿಯೊಳಗ ಅಂಚೆ ಮತದ ಪ್ರಮಾಣ ಅಡ್ಡಾದಿಡ್ಡಿ ಆಗಿತ್ತು, ಅದ ಲಕೋಟಿಗಳ ಮ್ಯಾಲೆ ಅವವ ಸಾಕ್ಷಿ ಸಹಿ ಮತ್ ಮತ್ ಬಂದಿದ್ವು. ರಾಜ್ಯ ಮಂಡಳಿ ಫಲಿತಾಂಶ ತಡೆಹಿಡಿದು 2019ರಾಗ ಹೊಸಾ ಚುನಾವಣಿಗೆ ಆದೇಶ ಮಾಡ್ತು. ಸಾವಿರದ ಒಳಗಿನ ಅಂತರಕ್ಕ ಇಷ್ಟು ಗುರುತು ಬಿಟ್ಟಾರ.

ನೇರಮಾತು:
2020ರಲ್ಲಿ ಫಲಿತಾಂಶ ಬದಲಾಗುವಷ್ಟು ಮೋಸ ಇತ್ತು ಅನ್ನುವ ವಾದವನ್ನು ಈ ಎಳೆಯ ಮಟ್ಟಿಗೆ ಬಿಟ್ಟಿದ್ದೇನೆ. ಕ್ಯೂಆರ್ ಕೋಡ್ ಮತ್ತು ತಡರಾತ್ರಿ ಎಣಿಕೆ ಬಗ್ಗೆ ನನ್ನ ತಕರಾರು ಹಾಗೇ ಇದೆ. ಕಂಬ ಏಳದ ಹಾಗೆ ಕಾನೂನು ಬದಲಾಯಿಸಲು ಯಾರು ಅಡ್ಡ?

ಎಣಿಕೆಮನೆ:
@ನೇರಮಾತು ಅದಕ್ಕೆ ನನ್ನ ಪೂರ್ತಿ ಬೆಂಬಲ. ಮಿಷಿಗನ್ ಬದಲಾಯಿಸಿತು: 5,000ಕ್ಕಿಂತ ಹೆಚ್ಚು ಜನವಿರುವ ಊರುಗಳು ಎಂಟು ದಿನ ಮೊದಲೇ ಲಕೋಟೆ ಒಡೆದು ಸ್ಕ್ಯಾನ್ ಮಾಡಬಹುದು, ಮೊತ್ತ ಮಾತ್ರ ಮತದಾನ ಮುಗಿಯುವವರೆಗೆ ತೆಗೆಯುವ ಹಾಗಿಲ್ಲ. ವಿಸ್ಕಾನ್ಸಿನ್‌ನಲ್ಲಿ ಮಸೂದೆ 2024ರಲ್ಲಿ ಸೆನೆಟ್‌ನಲ್ಲಿ ಬಿದ್ದುಹೋಯಿತು. ಪರಿಣಾಮ, ಮಿಲ್ವಾಕಿಯಲ್ಲಿ 2024ರ ನವೆಂಬರ್‌ನಲ್ಲೂ ಅದೇ ಅವಸರ. 13 ಸ್ಕ್ಯಾನರ್‌ಗಳ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ ಅಂತ ವೀಕ್ಷಕರ ಕಣ್ಣಿಗೆ ಬಿತ್ತು. ಸೊನ್ನೆಗೆ ತಂದು ಸುಮಾರು 31,000 ಮತಪತ್ರಗಳನ್ನು ಮತ್ತೆ ಹಾಕಿದರು. ಮತ್ತೆ ನಡುರಾತ್ರಿ ದಾಟಿತು.

ಪೆನ್ಸಿಲ್ವೇನಿಯಾ ಕೂಡ ಹಾಗೇ, ಮತದಾನದ ದಿನ ಬೆಳಗ್ಗೆ 7ಕ್ಕೆ ಮುಂಚೆ ಲಕೋಟೆ ಒಡೆಯುವ ಹಾಗಿಲ್ಲ ಅನ್ನುವ ನಿಯಮ ಬದಲಾಗಿಲ್ಲ. ಅಲ್ಲೂ ಕಂಬ ಏಳುತ್ತದೆ.

ನ್ಯಾಯಪೀಠ:
@ಎಣಿಕೆಮನೆ ಒಂದು ತಿದ್ದುಪಡಿ ಸರ್. 7ರ ನಿಯಮ ಹಾಗೇ ಇದೆ, ಆದರೆ ಪೆನ್ಸಿಲ್ವೇನಿಯಾ 2022ರಲ್ಲಿ ಕೌಂಟಿಗಳಿಗೆ ಅನುದಾನ ಕೊಡುವ ಕಾನೂನು ಮಾಡಿತು. ಹಣ ತಗೊಂಡ ಕೌಂಟಿ ಎಣಿಕೆ ಶುರು ಮಾಡಿದ ಮೇಲೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ. ಆ ಹಣದಲ್ಲಿ ಲಕೋಟೆ ಒಡೆಯುವ ಯಂತ್ರಗಳನ್ನೂ ಕೊಂಡರು. 2020ರಲ್ಲಿ ಶನಿವಾರದವರೆಗೆ ಕಾಯಿಸಿದ ರಾಜ್ಯ 2024ರಲ್ಲಿ ಅದೇ ರಾತ್ರಿ ಉತ್ತರ ಕೊಟ್ಟಿತು.